ಶಾಪವೊ? ಹೊರೆಯೊ?

ಈ ತಿಂಗಳು ನಾವು ಬರೆಯಹೊರಟಿರುವ ಸಂಗತಿಯು ಒಂದು ಚಲಚ್ಚಿತ್ರದಿಂದ ಹುಟ್ಟಿತು. ಈ ಅಂಕಣದಲ್ಲಿ ಚಲಚ್ಚಿತ್ರದ ಪ್ರಸ್ತಾಪವು ಹಿಂದೆ ಬಂದುದಿಲ್ಲವೆಂದು ಕೆಲವರು ಹುಬ್ಬೇರಿಸಬಹುದು. ಓದಿ ಮುಗಿಸಿದ ಬಳಿಕ ಇದು ಮನೆಯ ಮಾತೇ ಹೊರತು ಬೇರೆಯಲ್ಲವೆಂದು ಅವರೂ ಒಪ್ಪುವರೆಂದು ನಂಬಿದ್ದೇವೆ.

ಮಳೆ ಹಿಡಿದಿದ್ದ ಒಂದು ಆದಿತ್ಯವಾರ ಸಂಜೆ ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದೆವು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಿರಿಯ ಮಗನು ರಜೆಗೆ ಬಂದಿದ್ದನು. ಯಾದಗಿರಿಯಲ್ಲಿರುವ ಹಿರಿಯ ಮಗನೂ ಸೊಸೆಯೂ ಬಂದಿದ್ದರು. ನಮ್ಮ ಮಗ್ಗುಲ ಮನೆಯಲ್ಲಿ ವಾಸವಾಗಿರುವ, ಶಹಾಪುರದ ಗರಡಿಯಲ್ಲಿ ಸಾಮು ಮಾಡಿ ಬೆಳೆದ ವೃದ್ಧ ಪೈಲವಾನರನ್ನು ನಮ್ಮ ಕಿರಿಯನು ಕರೆತಂದು ಕುರ್ಚಿ ಹಾಕಿ ಕೂರಿಸಿದನು. “ಕುಸ್ತಿಯ ಚಿತ್ರ, ನಡೆದ ಕಥೆ” ಎಂದು ಹೇಳಿದ್ದೇ ಸಾಕಾಯಿತು, ಅವರು ಊಟವನ್ನು ಮುಂಚಿತವಾಗಿಯೇ ಮುಗಿಸಿ ಬಂದಿದ್ದರು. ಚಿತ್ರವು ಇಂಗ್ಲಿಷಿನದು. ಹೆಸರು ‘ದಿ ಐರನ್ ಕ್ಲಾ’, ಎಂದರೆ ಕಬ್ಬಿಣದ ಪಂಜ. ಷಾನ್ ಡರ್ಕಿನ್ ಎಂಬ ನಿರ್ದೇಶಕರು ಬರೆದು ತೆಗೆದ ಈ ಚಿತ್ರವು 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆಗೆ ಬಂದಿತು. ತಿಳಿಯದ ಕಡೆ ಮಗನು ಅರ್ಥ ಹೇಳುತ್ತಿದ್ದನು.

ಕಥೆಯು ಟೆಕ್ಸಸ್ ಪ್ರಾಂತದ ಒಂದು ಮಲ್ಲ ಕುಟುಂಬದ್ದು. ಜಾಕ್ ಅಡ್ಕಿಸನ್ ಎಂಬಾತನು ಫ್ರಿಟ್ಜ್ ವಾನ್ ಎರಿಕ್ ಎಂಬ ಕಣದ ಹೆಸರನ್ನಿಟ್ಟುಕೊಂಡು, ಎದುರಾಳಿಯ ನೆತ್ತಿಯನ್ನು ಅಂಗೈಯಿಂದ ಹಿಡಿದು ಅಮುಕುವ ಪಟ್ಟಿನಿಂದ ಖ್ಯಾತನಾದನು. ಆ ಪಟ್ಟಿನ ಹೆಸರೇ ಚಿತ್ರಕ್ಕೆ ಬಂದಿದೆ. ತನಗೆ ದೊರೆಯದೆ ಹೋದ ಜಗಜ್ಜೆಟ್ಟಿಯ ಪಟ್ಟವನ್ನು ಮಕ್ಕಳ ಮೂಲಕ ಪಡೆಯಬೇಕೆಂಬುದು ಆತನ ಛಲ. ಆತನಿಗೆ ಆರು ಜನ ಗಂಡುಮಕ್ಕಳು. ಚೊಚ್ಚಲ ಮಗನು 1959ರಲ್ಲಿ ಬಾಲ್ಯದಲ್ಲಿಯೇ ಅಪಘಾತದಿಂದ ತೀರಿದನು. ಡೇವಿಡ್ ಎಂಬವನು 1984ರಲ್ಲಿ ಜಪಾನಿಗೆ ಕುಸ್ತಿಗೆಂದು ಹೋದಲ್ಲಿ ಕರುಳಿನ ವ್ಯಾಧಿಯಿಂದ ಸತ್ತನು. ಆತನು ಹೊರಬೇಕಾಗಿದ್ದ ಹೊಣೆಯು ಕೆರಿಯ ಹೆಗಲೇರಿತು. ಅದೇ ವರ್ಷ ಮೇ ತಿಂಗಳಲ್ಲಿ ಕೆರಿಯು ಪಟ್ಟವನ್ನು ಗೆದ್ದನು; ಎರಡು ವರ್ಷಗಳ ತರುವಾಯ ಮೋಟಾರು ಸೈಕಲ್ಲಿನ ಅಪಘಾತದ ದೆಸೆಯಿಂದ ಒಂದು ಪಾದವನ್ನು ಕಳೆದುಕೊಂಡನು. ಆದರೂ ಕೃತಕ ಪಾದವನ್ನು ಕಟ್ಟಿಕೊಂಡು, ಅದನ್ನು ಜನರಿಗೆ ಮರೆಮಾಡಿ, ಮತ್ತೆ ಕಣಕ್ಕಿಳಿದನು. 1987ರಲ್ಲಿ ಮೈಕ್, 1991ರಲ್ಲಿ ಕ್ರಿಸ್, 1993ರಲ್ಲಿ ಕೆರಿ, ಹೀಗೆ ಮೂವರೂ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಆರರಲ್ಲಿ ಉಳಿದವನು ಕೆವಿನ್ ಒಬ್ಬನೇ.

ಇದರಲ್ಲಿ ಒಂದು ವಿಚಿತ್ರವುಂಟು. ಚಿತ್ರದಲ್ಲಿ ಕ್ರಿಸ್ ಎಂಬ ಕಡೆಯ ಮಗನು ಬರುವುದೇ ಇಲ್ಲ. ಅಷ್ಟು ದುಃಖದ ಮೇಲೆ ಇನ್ನೊಂದು ದುಃಖವನ್ನು ಚಿತ್ರವು ತಾಳಲಾರದೆಂದು ನಿರ್ದೇಶಕರು ಆತನನ್ನು ಬಿಟ್ಟರಂತೆ. ಸಾಮಾನ್ಯವಾಗಿ ಕಥೆ ಕಟ್ಟುವವರು ನಡೆದುದಕ್ಕೆ ಉಪ್ಪುಖಾರ ಸೇರಿಸುವರು. ಇಲ್ಲಿ ನಡೆದುದನ್ನೇ ಕಡಿಮೆ ಮಾಡಿ ತೋರಿಸಬೇಕಾಗಿ ಬಂದಿತು.

ಚಿತ್ರವು ಮುಗಿದಾಗ ರಾತ್ರಿ ಹತ್ತು ಹೊಡೆದಿತ್ತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಒಬ್ಬೊಬ್ಬರ ಬಾಯಿಂದ ಬಂದ ಮಾತನ್ನು ನಾವು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆವು. ಒಂದೇ ಚಿತ್ರವನ್ನು ಐವರು ನೋಡಿದರೆ ಅದು ಐದು ಚಿತ್ರವಾಗುವುದಷ್ಟೆ.

ಮೊದಲು ಮಾತನಾಡಿದವಳು ನಮ್ಮ ಗೃಹಿಣಿ. “ಯಾರದೋ ಶಾಪ ತಟ್ಟಿದೆ. ಇಲ್ಲದಿದ್ದರೆ ಒಂದೇ ಹೊಟ್ಟೆಯ ಇಷ್ಟು ಮಕ್ಕಳು ಹೀಗೆ ಹೋಗುವುದುಂಟೆ?” ಎಂದಳು. ಅಮೆರಿಕದ ಜನರೂ ಇದನ್ನೇ ಹೇಳಿದರು. ‘ವಾನ್ ಎರಿಕ್ ಶಾಪ’ ಎಂಬ ಮಾತು ಅಲ್ಲಿ ರೂಢಿಯಾಗಿಬಿಟ್ಟಿತು. ಚಿತ್ರದಲ್ಲಿ ಕೆವಿನ್ನನು ಆ ಶಾಪಕ್ಕೆ ಹೆದರಿ, ಹುಟ್ಟಿದ ತನ್ನ ಮಗುವಿಗೆ ಕಣದ ಮನೆತನದ ಹೆಸರನ್ನು ಬಿಟ್ಟು ಅಡ್ಕಿಸನ್ ಎಂಬ ಹಳೆಯ ಹೆಸರನ್ನೇ ಬರೆಯಿಸುತ್ತಾನೆ.

ಸೊಸೆಯ ಕಣ್ಣು ಆ ತಾಯಿಯ ಮೇಲಿತ್ತು. ಒಬ್ಬ ಮಗನ ಶವಸಂಸ್ಕಾರಕ್ಕೆ ಉಟ್ಟ ಕಪ್ಪು ಉಡುಪನ್ನೇ ಇನ್ನೊಬ್ಬನಿಗೂ ಉಡಬೇಕಾಗಿ ಬಂದಾಗ, ಜನರು ಇದನ್ನು ಆಗಲೇ ನೋಡಿರುವರಲ್ಲಾ ಎಂದು ಆಕೆಯು ಕುಸಿಯುವ ಒಂದು ದೃಶ್ಯವಿದೆ. “ಅದಕ್ಕಿಂತ ಹಿಂದೆ ಮಗನೇ ಬಂದು, ತಮ್ಮನ ವಿಷಯದಲ್ಲಿ ಅಪ್ಪನೊಡನೆ ಮಾತಾಡೆಂದಾಗ, ನೀವು ನೀವೇ ಬಗೆಹರಿಸಿಕೊಳ್ಳಿರೆಂದು ಕಳುಹಿಸಿದಳಲ್ಲ, ಮಾವನವರೆ! ಆಗ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು” ಎಂದಳು. ಈ ಮಾತಿಗೆ ನಮ್ಮ ಗೃಹಿಣಿಯು ಉತ್ತರ ಕೊಡಲಿಲ್ಲ.

ಪೈಲವಾನರಿಗೆ ಮೊದಮೊದಲು ಚಿತ್ರವೇ ಹಿಡಿಸಿರಲಿಲ್ಲ. ಆ ದೇಶದ ವೃತ್ತಿಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವುದೆಂದು ಕೇಳಿ ಅವರು ಮುಖ ಕಿವಿಚಿದ್ದರು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯೆಂದರೆ ಏನೆಂಬುದು ವಾಚಕರಿಗೆ ತಿಳಿದಿದೆ. ಹಲಗೆಯ ಸದ್ದಿಗೆ ಊರು ಕೂಡುವುದು. ಚಿಕ್ಕ ಹುಡುಗರ ಜೋಡಿಗಳಿಗೆ ತೆಂಗಿನಕಾಯಿಯ ಬಹುಮಾನ. ಬರಬರುತ್ತ ಜೋಡಿಯೂ ಬಹುಮಾನವೂ ದೊಡ್ಡದಾಗಿ, ಕಡೆಯ ಕುಸ್ತಿಗೆ ಬೆಳ್ಳಿಯ ಕಡಗ. ಬೆನ್ನು ಮಣ್ಣಿಗೆ ತಾಗಿದವನು ಸೋತನು, ಅದರಲ್ಲಿ ವಾದವಿಲ್ಲ. ಅಂಥವುಗಳನ್ನು ಆಡಿ ಬಂದವರಿಗೆ ಈ ನಟನೆಯ ಕುಸ್ತಿಯು ಹಾಸ್ಯವಾಗಿ ಕಂಡುದು ಸಹಜವೆ. ಆದರೆ ಕೆರಿಯು ಬಾಗಿಲು ಮುಚ್ಚಿಕೊಂಡು ಮೊಂಡುಗಾಲಿಗೆ ಪಾದ ಕಟ್ಟಿಕೊಳ್ಳುವುದನ್ನು ನೋಡಿದ ಮೇಲೆ ಅವರು ನಗಲಿಲ್ಲ.

“ಮಾಸ್ತರ್ರ, ಕುಸ್ತಿ ಸುಳ್ಳಿರಬಹುದು, ಆ ಹುಡುಗರ ಪೆಟ್ಟು ಸುಳ್ಳಲ್ರಿ” ಎಂದರು. ಸ್ವಲ್ಪ ತಡೆದು ತಮ್ಮದೊಂದು ಕಥೆಯನ್ನು ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ ಒಂದು ದೊಡ್ಡ ಜಾತ್ರೆಯಲ್ಲಿ, ಊರಿನವರೆಲ್ಲ ನೋಡುತ್ತಿರುವಾಗ, ಅವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ತಾಗಿ ಬಿದ್ದರಂತೆ. ಎದ್ದು ಓಡಿಹೋಗಬೇಕೆನ್ನುವಷ್ಟು ನಾಚಿಕೆ. “ಉಸ್ತಾದರು ಕಣದಾಗ ಇಳದು ಬಂದ್ರು. ಬೈತಾರಂತ ತಲಿ ತಗ್ಗಿಸಿ ನಿಂತೆ. ಅವರು ಹೆಗಲ ಮ್ಯಾಲಿನ ವಸ್ತ್ರ ತಗೊಂಡು ನನ್ನ ಬೆನ್ನಿನ ಮಣ್ಣು ತಾವೇ ಒರಿಸಿದ್ರು. ನಡಿ, ಹಾಲು ಕುಡಿಯೋಣ ಅಂದ್ರು. ಅಷ್ಟರಿ. ಅವತ್ತು ಅವರು ಒಂದು ಮಾತು ಅಂದಿದ್ರ ನಾ ಮತ್ತ ಗರಡಿ ಮೆಟ್ಟಲು ಹತ್ತತಿದ್ದಿಲ್ಲ” ಎಂದರು.

ನಮ್ಮ ಇಬ್ಬರು ಮಕ್ಕಳು ಮಾತ್ರ ಏನನ್ನೂ ಹೇಳಲಿಲ್ಲ. ಈ ಮೌನದ ಕಾರಣವನ್ನು ಹೇಳಬೇಕಾದರೆ ಚಿತ್ರದ ಇನ್ನೊಂದು ದೃಶ್ಯವನ್ನು ಹೇಳಬೇಕು. ಮುಂಜಾನೆಯ ಊಟದ ಮೇಜಿನ ಬಳಿ ತಂದೆಯು ಮಕ್ಕಳೆದುರಿಗೇ ತನ್ನ ಪ್ರೀತಿಯ ಪಟ್ಟಿಯನ್ನು ಹೇಳುತ್ತಾನೆ: ಇಂಥವನು ನನಗೆ ಮೊದಲನೆಯವನು, ಇಂಥವನು ಎರಡನೆಯವನು, ಹೀಗೆ ಕಡೆಯವನವರೆಗೆ. ಈ ಸ್ಥಾನಗಳು ಯಾವಾಗ ಬೇಕಾದರೂ ಬದಲಾಗಬಹುದೆಂದೂ ಸೇರಿಸುತ್ತಾನೆ. ಆ ಮಾತನ್ನು ಆತನು ಕೋಪದಿಂದ ಆಡುವುದಿಲ್ಲ. ತಿನ್ನುತ್ತ, ಸರಾಗವಾಗಿ, ಹವೆಯ ವಿಷಯವನ್ನಾಡುವಂತೆ ಆಡುತ್ತಾನೆ. ಆ ಕ್ಷಣದಲ್ಲಿ ನಮ್ಮ ಹಿರಿಯ ಮಗನು ನೀರು ಕುಡಿಯಲೆಂದು ಎದ್ದು ಒಳಗೆ ಹೋದನು. ಬಹಳ ಹೊತ್ತಿನ ಮೇಲೆ ಬಂದನು.

ಪೈಲವಾನರನ್ನು ಕಳುಹಿಸಿ ಬಾಗಿಲು ಹಾಕಿ ಬಂದಾಗ ಕಿರಿಯನು ಹೇಳಿದನು: “ಅಪ್ಪಾ, ನಮ್ಮ ಮನೆಯಲ್ಲಿಯೂ ಒಂದು ಪಟ್ಟಿಯಿತ್ತು.”

ಇದ್ದುದು ಸತ್ಯ. ಹುಡುಗರಿಬ್ಬರೂ ಶಾಲೆಯಲ್ಲಿದ್ದ ವರ್ಷಗಳಲ್ಲಿ ಪ್ರತಿ ಪರೀಕ್ಷೆಯ ಅಂಕಗಳನ್ನು ನಾವು ಗೋಡೆಯ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದೆವು. ಎರಡು ಕಂಬಸಾಲು, ಮೇಲೆ ಇಬ್ಬರ ಹೆಸರು. ಪುಸ್ತಕ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳಲಿ, ಛಲ ಹುಟ್ಟಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ಕಿರಿಯನ ಅಂಕಗಳು ಯಾವಾಗಲೂ ಮೇಲಿರುತ್ತಿದ್ದುವು. ಹಿರಿಯನಿಗೆ ಅದರಿಂದ ನೋವಾಗಿರಬಹುದೆಂದು ನಾವು ಎಂದಾದರೊಮ್ಮೆ ಊಹಿಸಿದ್ದೆವು. ಕಿರಿಯನು ಆ ರಾತ್ರಿ ಹೇಳಿದ ಮಾತನ್ನು ಮಾತ್ರ ಎಂದೂ ಊಹಿಸಿರಲಿಲ್ಲ. “ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ನಾನು ಕೆಳಗಿಳಿದರೆ ನೀವು ನನ್ನನ್ನು ಹೇಗೆ ನೋಡುವಿರೆಂಬುದು ನನಗೆ ಗೊತ್ತಿತ್ತು, ಅಣ್ಣನನ್ನು ನೋಡುವುದನ್ನು ದಿನಾಲು ನೋಡುತ್ತಿದ್ದೆನಲ್ಲ” ಎಂದನು. ಹಿರಿಯನು, “ಹೋಗಲಿ ಬಿಡೊ, ಹಳೆಯ ಮಾತು” ಎಂದು ಎದ್ದು ಮಲಗಲು ಹೋದನು.

ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನಮಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲವೆಂದು ಬರೆಯಲು ಸಂಕೋಚವಿಲ್ಲ.

ಶಾಪವೆಂಬ ಮಾತು ನಮ್ಮ ತಲೆಯಲ್ಲಿ ಸುತ್ತುತ್ತಿತ್ತು. ಸುರಪುರದವರಿಗೆ ಆ ಮಾತು ಹೊಸದಲ್ಲ. ನಮ್ಮ ಕಡೆಯ ಅರಸರಾದ ರಾಜಾ ವೆಂಕಟಪ್ಪ ನಾಯಕರ ಕಥೆಯನ್ನು ಕೇಳದ ಮಗು ಈ ಊರಲ್ಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಆ ಹುಡುಗನ ಕಾಲದಲ್ಲಿ ಸಂಸ್ಥಾನವನ್ನು ನೋಡಿಕೊಳ್ಳಲು ಬಂದವನು ಮೆಡೋಸ್ ಟೇಲರ್. ಆ ಇಂಗ್ಲಿಷ್ ಅಧಿಕಾರಿಯನ್ನು ಹುಡುಗನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1853ರಲ್ಲಿ ಅಧಿಕಾರವು ಅರಸರಿಗೆ ಬಂದಿತು. ಐದೇ ವರ್ಷಗಳಲ್ಲಿ, 1858ರಲ್ಲಿ, ಇಂಗ್ಲಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಸೆರೆಯಿಂದ ಸೆರೆಗೆ ಸಾಗಿಸುವ ದಾರಿಯಲ್ಲಿಯೇ ಗುಂಡಿನಿಂದ ಅರಸರ ಪ್ರಾಣ ಹೋಯಿತು. ಅವರು ತಾವೇ ಹಾರಿಸಿಕೊಂಡರೆಂದು ಇಂಗ್ಲಿಷರ ಬರಹ. ಕೊಂದರೆಂದು ಹೇಳುವವರೂ ಉಂಟು. ಟೇಲರನ ಆತ್ಮಚರಿತ್ರೆಯು ಆತನು ತೀರಿದ ಮೇಲೆ 1877ರಲ್ಲಿ ಅಚ್ಚಾಯಿತು. ಅರಸನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕದಲ್ಲಿ ಬರೆದಿದ್ದಿತೆಂದೂ ಅದು ಹಾಗೆಯೇ ನಡೆಯಿತೆಂದೂ ಆತನು ಅದರಲ್ಲಿ ಹೇಳಿದ್ದಾನೆ. ಆತನು ಕಟ್ಟಿಸಿದ ಮನೆಯು ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ಗುಡ್ಡದ ಮೇಲಿದೆ.

ಈ ಕಥೆಯನ್ನು ನಾವೂ ತರಗತಿಯಲ್ಲಿ ಹೇಳಿದ್ದೇವೆ. ಜಾತಕದ ಮಾತು ಬಂದೊಡನೆ ಹುಡುಗರು ಉಸಿರು ಹಿಡಿದು ಕೇಳುತ್ತಿದ್ದರು. ಈಗ ವಿಚಾರಿಸಿದರೆ ತೋರುವುದೇನೆಂದರೆ, ಆ ಜಾತಕವು ಎಷ್ಟೋ ಜನರ ಹೊಣೆಯನ್ನು ಮುಚ್ಚುವ ವಸ್ತ್ರವಾಯಿತು. ಹಸುಳೆಯ ಸುತ್ತ ಅರಮನೆಯಲ್ಲಿ ಬೆಳೆದ ಕಲಹ, ನಿಜಾಮ ಸರ್ಕಾರಕ್ಕೆ ಸಲ್ಲಬೇಕಾಗಿದ್ದ ಹಣದ ಬಾಧೆ, ಕಂಪೆನಿಯ ಒತ್ತಡ, ಸುತ್ತಲಿನವರ ಒಂದೊಂದು ಆಸೆ, ಇವೆಲ್ಲವುಗಳ ಭಾರವು ಇಪ್ಪತ್ತರ ಆಚೀಚಿನ ಒಬ್ಬ ತರುಣನ ಹೆಗಲ ಮೇಲಿತ್ತು. ಅದನ್ನು ಹೇರಿದವರ ಹೆಸರುಗಳನ್ನು ಹೇಳುವುದು ಕಷ್ಟ. ಗ್ರಹಗಳ ಹೆಸರನ್ನು ಹೇಳುವುದು ಸುಲಭ. ವಾನ್ ಎರಿಕ್ ಮನೆಯಲ್ಲಿಯೂ ಹಾಗೆಯೇ ಆಯಿತು. ಶಾಪವೆಂದ ಮೇಲೆ ತಂದೆಯನ್ನು ಕೇಳುವವರಿಲ್ಲ, ತಾಯಿಯನ್ನು ಕೇಳುವವರಿಲ್ಲ, ಚಪ್ಪಾಳೆ ತಟ್ಟಿದ ಪ್ರೇಕ್ಷಕರನ್ನಂತೂ ಕೇಳುವವರೇ ಇಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಸಂಧ್ಯೆಗಳಾದ ಮೇಲೆ ನಾವು ಭಾಸಮಹಾಕವಿಯ ‘ಊರುಭಂಗ’ವನ್ನು ಕಪಾಟಿನಿಂದ ತೆಗೆದೆವು. ಬಹುಕಾಲ ಕಣ್ಮರೆಯಾಗಿದ್ದು, ತಿರುವನಂತಪುರದ ಗಣಪತಿಶಾಸ್ತ್ರಿಗಳ ಪರಿಶ್ರಮದಿಂದ 1912ರಲ್ಲಿ ಮುದ್ರಣ ಕಂಡ ಏಕಾಂಕ ರೂಪಕವಿದು. ರಂಗದ ಮೇಲೆ ಮರಣವನ್ನು ತೋರಿಸಬಾರದೆಂದು ಲಕ್ಷಣಕಾರರು ವಿಧಿಸಿರುವಾಗ, ಈ ರೂಪಕದಲ್ಲಿ ದುರ್ಯೋಧನನು ಪ್ರೇಕ್ಷಕರ ಕಣ್ಣೆದುರಿಗೇ ಪ್ರಾಣ ಬಿಡುತ್ತಾನೆ. ಭೀಮನೊಡನೆ ಗದಾಯುದ್ಧವಾಗಿದೆ; ತೊಡೆಗಳು ಮುರಿದಿವೆ; ಅರಸನು ನೆಲದ ಮೇಲೆ ಬಿದ್ದಿದ್ದಾನೆ. ಮಗನಾದ ದುರ್ಜಯನೆಂಬ ಬಾಲಕನು ತಂದೆಯನ್ನು ಹುಡುಕುತ್ತ ಬಂದು, ಎಂದಿನಂತೆ ತೊಡೆಯ ಮೇಲೆ ಕೂರಲು ಹೋಗುತ್ತಾನೆ. ತಂದೆಯು ತಡೆಯಬೇಕಾಗುತ್ತದೆ. ತೊಡೆಯೆಲ್ಲಿದೆ?

ಅಲ್ಲಿ ದುರ್ಯೋಧನನು ಮಗನಿಗೆ ಹೇಳುವುದೇನು? ನನ್ನ ಸೇಡನ್ನು ತೀರಿಸು ಎಂದು ಹೇಳುವುದಿಲ್ಲ. ನನ್ನ ಸೇವೆ ಮಾಡಿದಂತೆಯೇ ಪಾಂಡವರ ಸೇವೆಯನ್ನೂ ಮಾಡು, ಕುಂತಿಯ ಮಾತನ್ನು ಕೇಳು, ದ್ರೌಪದಿಯನ್ನೂ ಅಭಿಮನ್ಯುವಿನ ತಾಯಿಯನ್ನೂ ತಾಯಿಯಂತೆ ಕಾಣು ಎಂಬ ಅರ್ಥದ ಬುದ್ಧಿಮಾತನ್ನು ಹೇಳುತ್ತಾನೆ. ಬಾಳೆಲ್ಲ ಛಲವನ್ನೇ ಉಂಡು ಉಸಿರಾಡಿದವನು ಸಾಯುವಾಗ ಆ ಛಲವನ್ನು ಮಗನ ಕೈಗೆ ಕೊಡದೆ ಹೋಗುತ್ತಾನೆ. ಅಷ್ಟರಲ್ಲಿ ಅಶ್ವತ್ಥಾಮನು ಬಿಲ್ಲು ಹಿಡಿದು ಬಂದು, ರಾತ್ರಿಯ ವಧೆಯ ಪ್ರತಿಜ್ಞೆಯನ್ನು ಮಾಡಿ, ಅಭಿಷೇಕವಿಲ್ಲದೆ ಬರಿಯ ಮಾತಿನಿಂದಲೇ ಆ ಹಸುಳೆಯನ್ನು ರಾಜನೆಂದು ಸಾರುತ್ತಾನೆ. ತಂದೆಯು ಇಳಿಸಿದ ಹೊರೆಯನ್ನು ಇನ್ನೊಬ್ಬ ಹಿರಿಯನು ಮತ್ತೆ ಹೊರಿಸಿದನು. ಹುಡುಗನನ್ನು ಯಾರೂ ಕೇಳಲಿಲ್ಲ. ಈ ರೂಪಕವನ್ನು ನಾವು ಎಷ್ಟು ಬಾರಿ ಓದಿದ್ದೇವೋ ಲೆಕ್ಕವಿಲ್ಲ. ಇದು ತಂದೆ ಮಕ್ಕಳ ವಿಷಯವೆಂಬುದು ಆ ಬೆಳಿಗ್ಗೆ ಹೊಳೆಯಿತು.

ದುಃಖದ ನಾಟಕವನ್ನು ಜನರು ಏಕೆ ನೋಡುವರೆಂಬ ಪ್ರಶ್ನೆಯನ್ನು ಆಲಂಕಾರಿಕರು ಬಹಳವಾಗಿ ಚರ್ಚಿಸಿದ್ದಾರೆ. ಕರುಣರಸವು ಬರಿಯ ದುಃಖವೇ ಆಗಿದ್ದರೆ ಯಾರೂ ಅದರ ಕಡೆ ಸುಳಿಯುತ್ತಿರಲಿಲ್ಲ, ರಾಮಾಯಣವೂ ದುಃಖಕ್ಕೇ ಕಾರಣವಾಗಬೇಕಾಗುತ್ತಿತ್ತು. ಆದಕಾರಣ ಸಹೃದಯರ ಅನುಭವವೇ ಅದರ ಆನಂದಕ್ಕೆ ಪ್ರಮಾಣವೆಂದು ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ತೀರ್ಮಾನಿಸುತ್ತಾನೆ. ನಾವು ಇದನ್ನು ವರ್ಷ ವರ್ಷ ಪಾಠ ಹೇಳಿದವರು. ನಮ್ಮ ಪಡಸಾಲೆಯಲ್ಲಿ ಆದುದನ್ನು ನೋಡಿದ ಮೇಲೆ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಎದುರೆದುರಿಗೆ ಆಡಲಾರದ ಮಾತನ್ನು ಪರರ ಕಥೆಯು ಆಡಿಸುತ್ತದೆ. ಇಪ್ಪತ್ತು ವರ್ಷಗಳಿಂದ ಇಬ್ಬರು ಮಕ್ಕಳು ನುಂಗಿಕೊಂಡಿದ್ದುದು, ಏಳು ಸಮುದ್ರಗಳಾಚೆಯ ಒಂದು ಮನೆಯ ದುಃಖವನ್ನು ನೋಡಿದ ಮೇಲೆ ಹೊರಗೆ ಬಂದಿತು.

ಇದು ನಮ್ಮೊಂದು ಮನೆಯ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2024ರ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ರಾಜ್ಯದ ಪಟ್ಟಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯದು ಕಡೆಯ ಸ್ಥಾನ. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿಯೂ ಕಡೆಯದೇ. ಎರಡರಲ್ಲಿಯೂ ಪರೀಕ್ಷೆಗೆ ಕುಳಿತವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳು ಅನುತ್ತೀರ್ಣರಾದರು. ಪಟ್ಟಿಯು ಅಚ್ಚಾದ ದಿನ ಹಿರಿಯರಾದ ನಮಗೆಲ್ಲ ಅವಮಾನವಾಯಿತು. ಆ ಅವಮಾನವನ್ನು ನಾವು ಎಲ್ಲಿ ಇಳಿಸಿದೆವು? ಶಿಕ್ಷಕರ ಕೊರತೆಯ ಮೇಲೆ ಕೆಲವರು ಇಳಿಸಿದರು, ಸರ್ಕಾರದ ಮೇಲೆ ಕೆಲವರು. ಬಹುಮಂದಿ ಮನೆಗೆ ಬಂದು ಮಕ್ಕಳ ಮೇಲೆ ಇಳಿಸಿದರು. ಜಿಲ್ಲೆಯ ಮಾನವನ್ನು ಎತ್ತಬೇಕಾದ ಹೊಣೆಯು ಹದಿನಾರು ವರ್ಷದ ಹುಡುಗಿಯದೆಂಬಂತೆ ಬಾಗಿಲಲ್ಲಿ ನಿಂತು ಕೇಳಿದವರನ್ನು ನಾವು ಬಲ್ಲೆವು.

ಓದಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಹೇಳಿದರೆ ಮಾಸ್ತರಿಕೆಗೆ ದ್ರೋಹವಾಗುವುದು. ಗರಡಿಯಲ್ಲಿ ಉಸ್ತಾದನು ಹುಡುಗನಿಂದ ದಂಡ ಬಸ್ಕಿಗಳನ್ನು ಬೆವರಿಳಿಯುವವರೆಗೆ ತೆಗೆಸುವನು, ಅದು ಬೇಕು. ಕಣದಲ್ಲಿ ಬಿದ್ದಾಗ ಬೆನ್ನಿನ ಮಣ್ಣನ್ನು ಒರೆಸುವವನೂ ಆತನೇ ಆಗಿರಬೇಕು. ಮೊದಲನೆಯದನ್ನು ನಾವು ಚೆನ್ನಾಗಿ ಮಾಡಿದೆವು. ಎರಡನೆಯದನ್ನು ಪರರಿಗೆ ಬಿಟ್ಟೆವು. ಮಗುವು ಊಟ ಬಿಟ್ಟರೆ, ನಿದ್ರೆ ಬಿಟ್ಟರೆ, ಒಂಟಿಯಾಗಿ ಕುಳಿತರೆ, ಬದುಕಿ ಪ್ರಯೋಜನವಿಲ್ಲವೆಂಬ ಮಾತನ್ನು ಹಾಸ್ಯಕ್ಕಾದರೂ ಆಡಿದರೆ, ಆ ತಾಯಿಯಂತೆ “ನೀವೇ ಬಗೆಹರಿಸಿಕೊಳ್ಳಿ” ಎನ್ನಬೇಡಿರಿ. ಹತ್ತಿರ ಕುಳಿತು ಕೇಳಿರಿ. ನಮಗೆ ತಿಳಿಯದಿದ್ದರೆ ತಿಳಿದವರನ್ನು ಕೇಳಲು ನಾಚಿಕೆ ಬೇಡ. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವರು, ವೆಚ್ಚವಿಲ್ಲ. ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದಿಡುವುದು ಒಳ್ಳೆಯದು.

ಚಿತ್ರದ ಕಡೆಯ ದೃಶ್ಯವನ್ನು ಹೇಳಿ ಮುಗಿಸುತ್ತೇವೆ. ಕೆವಿನ್ನನು ಮನೆಯ ಅಂಗಳದಲ್ಲಿ ಕುಳಿತು, ತನ್ನ ಚಿಕ್ಕ ಗಂಡುಮಕ್ಕಳಿಬ್ಬರು ಚೆಂಡಾಡುವುದನ್ನು ನೋಡುತ್ತ ಅಳುತ್ತಾನೆ. ಮಕ್ಕಳು ಬಂದು ಕಾರಣ ಕೇಳುತ್ತಾರೆ. ಗಂಡಸು ಅಳಬಾರದೆಂದು ಬೆಳೆದವನಾದುದರಿಂದ ಆತನು ಕ್ಷಮೆ ಬೇಡುತ್ತಾನೆ. ತಾನು ಹಿಂದೆ ಅಣ್ಣನಾಗಿದ್ದವನು, ಈಗ ಯಾರಿಗೂ ಅಣ್ಣನಲ್ಲವೆನ್ನುತ್ತಾನೆ. ಅಳುವುದರಲ್ಲಿ ತಪ್ಪೇನೂ ಇಲ್ಲವೆಂದೂ, ನಿನಗೆ ನಾವೇ ಅಣ್ಣತಮ್ಮಂದಿರಾಗುವೆವೆಂದೂ ಮಕ್ಕಳು ಸಮಾಧಾನ ಹೇಳುತ್ತಾರೆ. ಆಗ ನಮ್ಮ ವೃದ್ಧ ಪೈಲವಾನರು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡುದನ್ನು ನಾವು ಕಂಡೆವು.

ಕಪಾಟಿನ ಬಾಗಿಲಿಗೆ ಎಂದೋ ಬಣ್ಣ ಹೊಡೆಸಿಯಾಗಿದೆ, ಸೀಮೆಸುಣ್ಣದ ಗುರುತಿಲ್ಲ. ಹಿರಿಯನು ಯಾದಗಿರಿಗೆ ಹೊರಡುವ ಮುನ್ನ ಆತನ ಮಗನು, ಎಂಟು ವರ್ಷದವನು, ಲೆಕ್ಕದ ಕಿರುಪರೀಕ್ಷೆಯ ಕಾಗದವನ್ನು ಚೀಲದಿಂದ ತೆಗೆದು ಅಪ್ಪನ ಸಹಿಗಾಗಿ ಹಿಡಿದನು. ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. ಹುಡುಗನು ಅಪ್ಪನ ಮುಖವನ್ನೇ ನೋಡುತ್ತಿದ್ದನು. ಅಪ್ಪನು ಅರೆಕ್ಷಣ ನಮ್ಮ ಮುಖವನ್ನು ನೋಡಿದನು. ಬಳಿಕ ಸಹಿ ಹಾಕಿ, ಎಲ್ಲಿ ತಪ್ಪಿತೋ ತೋರಿಸೆಂದು ಮಗನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡನು. “ಅವನನ್ನು ನನ್ನ ಹತ್ತಿರ ಬಿಟ್ಟುಹೋಗು, ಲೆಕ್ಕ ಕಲಿಸುತ್ತೇನೆ” ಎಂದು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಅಂದು ಅದನ್ನು ಆಡದೆ ಉಳಿದೆವು.